ಹೆಸರು ಹಿಡಿದು ಕರೆದವನು

“ಬಾಯಿ ಮುಚ್ಕೊಂಡು ಹೋಗ್ತೀಯೋ, ಇಲ್ಲ ಈ ಇಸ್ತ್ರಿಪೆಟ್ಟಿಗೇನ ನಿನ್ನ ಮುಖದ ಮೇಲೆ ಎಳೀಲೋ?”

“ಎಳಿ. ಸುಕ್ಕಾದ್ರೂ ಹೋಗ್ಲಿ. ಮದುಮಗ ಅಲ್ವಾ ನಾನು.”

“ಯಾರಿಗೆ ಮದುಮಗ? ಯಾವ ಮರದ ಮೇಲಿರೋ ಹೆಣ್ಣಿಗೆ? ಮಂಗ ತಿನ್ನೋ ಜಾತಿ ನಿಂದು.”

“ಇಲಿ ಸುಟ್ಟು ಬಾಲದ ಸಮೇತ ನುಂಗೋ ಜಾತಿ ನಿಂದು. ನಿಮ್ಮೂರಲ್ಲಿ ಬೆಕ್ಕುಗಳು ಉಪವಾಸ ಸಾಯ್ತವಂತೆ.”

ಸಫಾರಿ ಕ್ಯಾಂಪಿನ ಹಿತ್ತಲಲ್ಲಿ ಬಟ್ಟೆ ಒಗೆಯುವ ಫಲೇಸಿ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು. ಕೆಂಡದ ಕಿಡಿಗಳು ಹಾರಿ ಅತಿಥಿಯ ಅಂಗಿಯ ಪಕ್ಕದಲ್ಲೇ ಬಿದ್ದವು. ಆ ಅಂಗಿ ಕೇಳಿಕೊಂಡು ಬಂದಿದ್ದ ಸ್ವೀಡನ್ನಿನ ಮುದುಕಿ ಬ್ರಿಟಾ ಬಾಗಿಲ ಬಳಿಯೇ ನಿಂತುಬಿಟ್ಟಳು. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯುತ್ತದಲ್ಲ.

“ಹೆದರಬೇಡಿ ಅಮ್ಮ,” ಎಂದ ಗೈಡ್ ಲಾಬನಜ್ಜ ಇಂಗ್ಲಿಷಿನಲ್ಲಿ, ಗೋಡೆಗೊರಗಿ ಜೋಳದ ಮುದ್ದೆ ಮುರಿಯುತ್ತ. “ಅವಳು ಅಂಗೋನಿ, ಅವನು ಬೆಂಬಾ. ಇವರ ಅಜ್ಜಂದಿರು ಕಡಿದಾಡಿ ಸತ್ತರು. ಮೊಮ್ಮಕ್ಕಳು ಬೈದಾಡಿ ಬದುಕ್ತಾರೆ. ಬೈಯದೆ ಹೋದ್ರೇ ನಾವು ಗಾಬರಿ ಆಗೋದು.”

ಮುದುಕ ಹೇಳಿದ್ದು ನಿಜ. ಆ ದೇಶದಲ್ಲಿ ಅಂಗೋನಿ ಮತ್ತು ಬೆಂಬಾ ಬುಡಕಟ್ಟಿನವರು ಬೈಗುಳದ ನೆಂಟರು. ಗುರುತು ಪರಿಚಯ ಇಲ್ಲದಿದ್ದರೂ ಬಸ್ಸಿನಲ್ಲಿ ಪಕ್ಕ ಕೂತರೆ ಬೈದುಕೊಳ್ಳಬಹುದು. ಸಾವಿನ ಮನೆಯಲ್ಲಿ ಹೆಣವನ್ನೂ ಹಾಸ್ಯ ಮಾಡಬಹುದು. ಕಂಡ ಹೆಣ್ಣನ್ನು ‘ಏನೇ ಹೆಂಡ್ತಿ’ ಎಂದು ಕೂಗಿದರೂ ಅವಳ ಅಣ್ಣ ನಕ್ಕು ಸುಮ್ಮನಾಗುತ್ತಾನೆ. ಯಾರೂ ಕೋಪ ಮಾಡಿಕೊಳ್ಳುವಂತಿಲ್ಲ. ಯಾರೂ ನಂಬುವಂತೆಯೂ ಇಲ್ಲ.

ಆ ಕೊನೆಯದರಲ್ಲೇ ಫಲೇಸಿಯ ಕುತ್ತಿಗೆ ಸಿಕ್ಕಿಕೊಂಡಿದ್ದು.

ಎರಡು ವರ್ಷದ ಹಿಂದೆ ಕಪೆಂಬ್ವಾ ಬಂದೂಕಿನ ಕಾವಲುಗಾರನಾಗಿ ಆ ಕಾಡಿಗೆ ಬಂದ. ನಡಿಗೆಯ ಸಫಾರಿಗೆ ಹೊರಟವರ ಮುಂದೆ ಬಂದೂಕು ಹಿಡಿದು ನಡೆಯುವುದು ಅವನ ಕೆಲಸ. ಬಂದ ಮೊದಲ ದಿನವೇ ಅವಳು ಒಣಹಾಕಿದ ಬಟ್ಟೆಗಳ ಸಂದಿಯಿಂದ ಮುಖ ತೂರಿಸಿ, ಎಡಗಡೆಯ ಹುಬ್ಬನ್ನೊಂದೇ ಮೇಲೆತ್ತಿ, “ಇಲಿ ತಿನ್ನೋಳೆ, ನಿನ್ನ ಮದುವೆ ತೆರ ಎಷ್ಟು ಬುಟ್ಟಿ ಇಲಿ ಅಂತ ನಿಮ್ಮಪ್ಪನ್ನ ಕೇಳಿ ಇಡು,” ಎಂದಿದ್ದ. ಅವತ್ತು ನಕ್ಕಿದ್ದಳು. ಆಮೇಲೆ ದಿನಾ ಅವನ ಬೂಟಿನ ಸದ್ದಿಗೆ ಕಿವಿ ಕೊಡುವಂತಾಯಿತು. ಆಮೇಲೆ ಆ ಹುಬ್ಬು ಏಳುವ ಗಳಿಗೆಗೆ ಎದೆ ಕಾಯುವಂತಾಯಿತು. ಮೂವತ್ತಮೂರು ವರ್ಷದ ಹೆಣ್ಣು, ಒಬ್ಬ ಗಂಡನನ್ನು ಕಟ್ಟಿಕೊಂಡು ಅವನು ರಾಜಧಾನಿಯಲ್ಲಿ ಇನ್ನೊಬ್ಬಳನ್ನು ಮಾಡಿಕೊಂಡದ್ದನ್ನು ನೋಡಿದವಳು, ಗೇಲಿಗೆ ಸೋತಳೆಂದರೆ ಯಾರಿಗೆ ಹೇಳಿಕೊಳ್ಳುವುದು?

ಈಗ ಭಾನುವಾರಕ್ಕೆ ದೊಡ್ಡಪ್ಪ ಯೋಬೆ ಬರುವವನಿದ್ದ. ಕಟೆಟೆ ಊರಿನ ಹಿಟ್ಟಿನ ಗಿರಣಿಯವನೊಬ್ಬ, ಹೆಂಡತಿ ಸತ್ತವನು, ಅವಳನ್ನು ಕೇಳಿಕೊಂಡು ದೊಡ್ಡಪ್ಪನ ಬಳಿ ಬಂದಿದ್ದ. ಹೂಂ ಅಥವಾ ಊಹೂಂ, ಭಾನುವಾರ ಹೇಳಬೇಕು. ಇವತ್ತು ಗುರುವಾರ.

“ನೋಡು,” ಎಂದಳು ಫಲೇಸಿ. “ಎರಡು ವರ್ಷ ಆಯ್ತು. ಇಲಿ ಇಲಿ ಇಲಿ. ನನಗೂ ಒಂದು ಹೆಸರಿದೆ. ಗೇಲಿ ಬಿಟ್ಟು, ಒಂದೇ ಒಂದ್ಸಲ, ಹೆಸರು ಹಿಡಿದು ಕರೆದಿದ್ದೀಯಾ? ಭಾನುವಾರ ನಮ್ಮ ದೊಡ್ಡಪ್ಪ ಬರ್ತಾನೆ, ಕಟೆಟೆ ಗಿರಣಿಯವನಿಗೆ ನನ್ನ ಕೊಡೋಕೆ. ಏನಂತೀಯ?”

ಲಾಬನಜ್ಜನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಕಪೆಂಬ್ವಾ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. “ಗಿರಣಿಯವನಾ?” ಎಂದ. “ಒಳ್ಳೇದಾಯ್ತು ಬಿಡು. ಇಲಿಗೆ ಗಿರಣಿಗಿಂತ ಒಳ್ಳೆ ಮನೆ ಎಲ್ಲಿ ಸಿಗುತ್ತೆ?”

ಅಡುಗೆಮನೆಯವರೆಲ್ಲ ಹೋ ಎಂದು ನಕ್ಕರು. ಎಲ್ಲರಿಗೂ ಜೀವ ಬಂದಂತಾಯಿತು. ಫಲೇಸಿ ಕೆಂಡವನ್ನೇ ನೋಡುತ್ತಿದ್ದಳು. ಹಾಗಾಗಿ ಆ ಮಾತು ಹೇಳುವಾಗ ಅವನ ಹುಬ್ಬು ಮೇಲೇಳಲಿಲ್ಲ ಎನ್ನುವುದು ಅವಳಿಗೆ ಕಾಣಲಿಲ್ಲ.

ಸಂಜೆ ಲಾಬನಜ್ಜ ಬಂದು, ಚಹಾ ಹೊರುವವನು ಸಾವಿಗೆ ಹೋಗಿದ್ದಾನೆಂದೂ ನಾಳೆ ಬ್ರಿಟಾಳ ಸಫಾರಿಗೆ ಬುಟ್ಟಿ ಹೊತ್ತು ಅವಳೇ ಬರಬೇಕೆಂದೂ ಹೇಳಿದ.

“ನಾನಾ? ಕಾಡಿಗಾ?”

“ಆರು ವರ್ಷ ಕಾಡಿನ ಬಾಯಲ್ಲೇ ಕೂತಿದ್ದೀಯಲ್ಲ ಮಗಾ. ಒಂದ್ಸಲ ಒಳಗೂ ನೋಡು.”

ಆರು ವರ್ಷ ಅವಳು ಸಫಾರಿಗೆ ಹೋದವರ ಬಟ್ಟೆ ಒಗೆದಿದ್ದಳು. ಮೊಣಕಾಲಿನ ಕಪ್ಪು ಕೆಸರು ನೋಡಿ ಇವರು ಕೆರೆದಂಡೆಗೆ ಹೋಗಿದ್ದರು ಎನ್ನುತ್ತಿದ್ದಳು, ಕಾಲುಚೀಲದ ಮುಳ್ಳುಕಾಯಿ ನೋಡಿ ಹುಲ್ಲುಗಾವಲು ಎನ್ನುತ್ತಿದ್ದಳು. ಕಾಡು ಅವಳಿಗೆ ಕೊಳೆಯಾಗಿ ಮಾತ್ರ ಗೊತ್ತಿತ್ತು. ಬಟ್ಟೆ ಒಣಹಾಕುವ ಹಗ್ಗದಾಚೆ ಅವಳು ಕಾಲಿಟ್ಟವಳಲ್ಲ.

*

ಲುವಾಂಗ್ವಾ ಹೊಳೆಯ ಮೇಲೆ ಬೆಳಗಿನ ಹಬೆ ಇನ್ನೂ ಎದ್ದಿರಲಿಲ್ಲ. ಸಾಲಾಗಿ ಹೊರಟರು. ಮುಂದೆ ಬಂದೂಕು, ಅವನ ಹಿಂದೆ ಲಾಬನಜ್ಜ, ಆಮೇಲೆ ಬ್ರಿಟಾ, ಎಲ್ಲರಿಗಿಂತ ಹಿಂದೆ ಬುಟ್ಟಿ ಹೊತ್ತ ಫಲೇಸಿ. ಕಪೆಂಬ್ವಾ ಅವಳನ್ನು ನೋಡಿದ, ಬಂದೂಕಿನ ಪಟ್ಟಿ ಹೆಗಲಿಗೆ ಬಿಗಿದು ಮುಂದಕ್ಕೆ ತಿರುಗಿದ.

“ಓಡಬಾರದು,” ಎಂದ ಲಾಬನಜ್ಜ. “ಏನೇ ಬರಲಿ, ಓಡಿದವರು ಊಟ. ಇನ್ನೊಂದು, ಮುಂದೆ ಕರಿಮರದ ತೋಪು ಬರುತ್ತೆ. ಅದರೊಳಗೆ ಯಾರೂ ಯಾರ ಹೆಸರನ್ನೂ ಹಿಡಿಯಬಾರದು. ಇವನು ಬಂದೂಕು. ನೀನು ಚಹಾ. ನಾನು ಮುದುಕ. ಈಯಮ್ಮ ಅತಿಥಿ.”

“ಯಾಕಜ್ಜ?”

“ಅಲ್ಲೊಂದು ಊರಿತ್ತು, ನಮ್ಮ ಕುಂದಾ ಜನರದ್ದು. ಊರು ಹೋಯ್ತು, ಕರೆಯೋದು ಹೋಗಿಲ್ಲ. ನಿನಗೆ ಯಾರ ದನಿ ಬೇಕೋ ಅದೇ ದನಿ ತರುತ್ತೆ. ನಿನಗೆ ಯಾವ ಮಾತು ಬೇಕೋ ಅದೇ ಮಾತು ಆಡುತ್ತೆ. ಓಗೊಡಬಾರದು, ತಿರುಗಬಾರದು. ನನ್ನ ಅತ್ತಿಗೆ ತಿರುಗಿದಳು. ಬುಟ್ಟಿ ಸಿಕ್ತು. ಸೊಪ್ಪು ಇನ್ನೂ ಬಾಡಿರಲಿಲ್ಲ.”

ಮುಂದಿನಿಂದ ಕಪೆಂಬ್ವಾ ಸಣ್ಣಗೆ ನಕ್ಕ. “ಕುಂದಾ ಮುದುಕರ ಕತೆ ಕೇಳಿ ನಮ್ಮ ಬೆಟ್ಟದ ಕಡೆ ಮಕ್ಕಳೂ ನಿದ್ದೆ ಮಾಡಲ್ಲ ಅಜ್ಜ. ನಗ್ತಾ ಇರ್ತಾರೆ.”

“ನಗು. ನಿನ್ನ ಹಲ್ಲು, ನಿನ್ನ ಬಾಯಿ.”

ನಡೆದರು. ಆನೆ ಜಿರಾಫೆ ಕಂಡು ಬ್ರಿಟಾ ದುರ್ಬೀನು ಎತ್ತಿ ಎತ್ತಿ ನೋಡಿದಳು. ಫಲೇಸಿಗೆ ಆನೆ ಹೊಸದಲ್ಲ, ಕ್ಯಾಂಪಿಗೇ ಬಂದು ಕಾಯಿ ತಿಂದು ಹೋಗುತ್ತವೆ. ಅವಳಿಗೆ ಹೊಸದಾಗಿ ಕಂಡದ್ದು ಅವನ ಬೆನ್ನು. ಹಿತ್ತಲಲ್ಲಿ ಅವನೆಂದರೆ ಬರೀ ನಾಲಿಗೆ. ಇಲ್ಲಿ ಅವನಿಗೆ ನಾಲಿಗೆಯೇ ಇರಲಿಲ್ಲ. ಕೈ ಎತ್ತಿದರೆ ಎಲ್ಲರೂ ನಿಲ್ಲುತ್ತಿದ್ದರು. ಬೆರಳು ಮಡಚಿದರೆ ನಡೆಯುತ್ತಿದ್ದರು. ಒಣಗಿದ ಎಲೆಯ ಮೇಲೆ ಅವನ ಬೂಟು ಬಿದ್ದರೂ ಸದ್ದಾಗುತ್ತಿರಲಿಲ್ಲ. ಕತ್ತಿನ ಹಿಂದೆ ಒಂದು ಬೆವರಿನ ಹನಿ ಹುಟ್ಟಿ, ನಿಂತು, ಕಾಲರಿನೊಳಗೆ ಇಳಿದು ಹೋಯಿತು. ಅದು ಹೋದ ದಾರಿಯನ್ನೇ ಫಲೇಸಿ ಬಹಳ ದೂರ ನೋಡುತ್ತ ನಡೆದಳು.

ಒಮ್ಮೆ ಅವನು ತಿರುಗಿದ. ಸಾಲು ಸರಿಯಿದೆಯೇ ಎಂದು ನೋಡುವುದು ಅವನ ಕೆಲಸ. ಕಣ್ಣು ಮುದುಕನನ್ನು ದಾಟಿತು, ಅತಿಥಿಯನ್ನು ದಾಟಿತು, ಇವಳ ಮೇಲೆ ಬಂದು ಕೂತಿತು. ಕೆಲಸಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಕೂತಿತು.

ಕರಿಮರದ ತೋಪಿಗೆ ಬಂದಾಗ ಹೊತ್ತು ಏರಿತ್ತು. ಹೊರಗೆ ಅಕ್ಟೋಬರಿನ ಬಿಸಿಲು, ಒಳಗೆ ತಂಪು. ಆದರೆ ಅದು ಸುಖದ ತಂಪಲ್ಲ, ಬಹಳ ದಿನ ಬಾಯಿ ಮುಚ್ಚಿಟ್ಟಿದ್ದ ಮಡಕೆಯೊಳಗೆ ಕೈ ಬಿಟ್ಟಂಥ ತಂಪು. ಇಷ್ಟು ಹೊತ್ತು ಬೆನ್ನಿಗೆ ಬಿದ್ದಿದ್ದ ಹಕ್ಕಿಗಳ ಗದ್ದಲ ತೋಪಿನ ಅಂಚಿನಲ್ಲೇ ನಿಂತುಹೋಯಿತು. ನೆಲದಲ್ಲಿ ಅಲ್ಲೊಂದು ಇಲ್ಲೊಂದು ಕಲ್ಲು, ನಡುವೆ ಗುಳಿಬಿದ್ದವು. ಯಾರೋ ಹೆಂಗಸರು ವರ್ಷಗಟ್ಟಲೆ ಕಾಳು ಅರೆದ ಗುಳಿ. ಒಂದರಲ್ಲಿ ನೀರಿತ್ತು. ಮಳೆ ಬಿದ್ದು ಆರು ತಿಂಗಳಾಗಿತ್ತು.

“ಚಹಾ ಇಲ್ಲೇ,” ಎಂದ ಮುದುಕ. ಅತಿಥಿಯನ್ನು ಕರೆದುಕೊಂಡು, ಮರಗಳ ಸಂದಿಯಲ್ಲಿ ಕಾಣುವ ಕೆರೆಯಂಚಿಗೆ ನೀರಾನೆ ತೋರಿಸಲು ಹೋದ. ಐವತ್ತು ಹೆಜ್ಜೆ ದೂರ. ಬಂದೂಕೂ ಅತ್ತ ಹೋಯಿತು.

ಫಲೇಸಿ ಮೂರು ಕಲ್ಲು ಜೋಡಿಸಿ, ಪುಳ್ಳೆ ಇಟ್ಟು, ಕುಕ್ಕರಗಾಲಲ್ಲಿ ಕೂತು ಊದತೊಡಗಿದಳು. ಹೊಗೆ ಮೇಲೇಳದೆ ನೆಲದ ಮೇಲೇ ತೆವಳಿತು.

“ಫಲೇಸಿ.”

ಊದುತ್ತಿದ್ದ ಉಸಿರು ನಿಂತಿತು.

ಬೆನ್ನ ಹಿಂದೆ. ಹತ್ತಿರ. ಅವನ ದನಿಯೇ. ಆದರೆ ಆ ದನಿಯಲ್ಲಿ ಆ ಹೆಸರನ್ನು ಅವಳು ಎರಡು ವರ್ಷದಲ್ಲಿ ಕೇಳಿರಲಿಲ್ಲ. ಗೇಲಿ ತೆಗೆದಿಟ್ಟರೆ ಅವನ ದನಿ ಹೀಗಿರುತ್ತದೆ ಎಂದು ಅವಳು ಮಧ್ಯಾಹ್ನ ಮಧ್ಯಾಹ್ನ ಇಸ್ತ್ರಿ ಮಾಡುತ್ತ ಯೋಚಿಸಿಕೊಂಡಿದ್ದಳಲ್ಲ, ಸರಿಯಾಗಿ ಹಾಗೆಯೇ ಇತ್ತು.

“ಫಲೇಸಿ. ನಾನು ಗೇಲಿ ಮಾಡ್ತಿಲ್ಲ. ಗಿರಣಿಯವನಿಗೆ ಊಹೂಂ ಅನ್ನು. ನನ್ನ ಮದುವೆ ಆಗು.”

ಅವಳ ತೋಳಿನ ಮೇಲೆ ಒಂದೊಂದು ಕೂದಲೂ ಎದ್ದು ನಿಂತಿತು. ಯಾವ ಮಾತು ಬೇಕೋ ಅದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ನಿನ್ನೆ ಹಿತ್ತಲಲ್ಲಿ ಕೂಗಾಡಿದ್ದನ್ನು ಈ ಮರಗಳೂ ಕೇಳಿಸಿಕೊಂಡವೇನು? ಬಾಡದ ಸೊಪ್ಪಿನ ಬುಟ್ಟಿ ಕಣ್ಣಮುಂದೆ ಬಂತು. ತಿರುಗಬೇಕು ಎಂದು ಮೈಯೆಲ್ಲ ಎಳೆಯುತ್ತಿತ್ತು. ಹಾಗೆ ಎಳೆಯುತ್ತಿರುವುದೇ ಭಯವಾಗಿತ್ತು. ಅವಳು ತುಟಿ ಕಚ್ಚಿ ಹಿಡಿದು ಬೆಂಕಿಯನ್ನೇ ದಿಟ್ಟಿಸಿದಳು. ಕಣ್ಣಲ್ಲಿ ನೀರು ಬಂತು, ಹೊಗೆ ಅಂದುಕೊಂಡಳು.

ಹಿಂದೆ ಒಂದು ಉಸಿರು. ಆಮೇಲೆ ಏನೂ ಇಲ್ಲ.

ನೂರು ಎಣಿಸಿ ತಿರುಗಿದಳು. ಯಾರೂ ಇರಲಿಲ್ಲ. ದಪ್ಪನೆಯ ತರಗೆಲೆ, ಯಾವ ಹೆಜ್ಜೆಯನ್ನೂ ಹಿಡಿದಿಟ್ಟುಕೊಳ್ಳದ ತರಗೆಲೆ. ದೂರದ ಕೆರೆಯಂಚಿನಲ್ಲಿ ಮೂವರು ಬೆನ್ನು ಹಾಕಿ ನಿಂತಿದ್ದರು. ಬಂದೂಕಿನವನ ಟೋಪಿ ಕೈಯಲ್ಲಿತ್ತು.

ಚಹಾ ಕುಡಿಯುವಾಗ ಅವನು ಅವಳ ಕಡೆ ನೋಡಲಿಲ್ಲ. ಲೋಟ ಕೊಟ್ಟರೆ ತೆಗೆದುಕೊಂಡ. ಬೆರಳು ತಾಕಿತು, ಹಿಂದಕ್ಕೆಳೆದುಕೊಂಡ. ವಾಪಸು ಬಂದು ಹಿತ್ತಲಲ್ಲಿ ನಿಂತು ನೀರು ಕುಡಿದ, ಚೊಂಬು ತೊಳೆದಿಟ್ಟ, ಕಾಡಿನ ಕಾವಲುಗಾರರ ಠಾಣೆಯ ದಾರಿ ಹಿಡಿದ.

ಬೈಯದೆ ಹೋದ. ಅಡುಗೆಯವರು ಮುಖ ಮುಖ ನೋಡಿಕೊಂಡರು.

ಶನಿವಾರ ಅವನ ಬದಲು ಬೇರೊಬ್ಬ ಬಂದೂಕು ಹಿಡಿದು ಬಂದ.

“ಅವನೆಲ್ಲಿ?” ಎಂದಳು ಫಲೇಸಿ, ಒಗೆದ ಬಟ್ಟೆ ಹಿಂಡುತ್ತ.

“ರಜೆ ಹಾಕಿದಾನಕ್ಕ. ಬೆಟ್ಟದಾಚೆ ಅವನ ಊರ ಕಡೆಗೇ ಬದಲಿ ಕೇಳಿದಾನೆ. ನಾಳೆ ನಾಲ್ಕು ಗಂಟೆಗೆ ಠಾಣೆಗೆ ಲಾರಿ ಬರುತ್ತೆ, ಅದರಲ್ಲಿ ಹೋಗ್ತಾನೆ.”

ಅವಳು ಹಿಂಡಿದ ಅಂಗಿಯನ್ನೇ ಮತ್ತೆ ಹಿಂಡಿದಳು. ತೋಪಿನಲ್ಲಿ ಕರೆದದ್ದು ಅವನಲ್ಲ. ಅವನು ಇಂಥವನು, ಹೇಳದೆ ಹೋಗುವವನು. ಹಾಗೆಂದು ರಾತ್ರಿಯೆಲ್ಲ ತನಗೆ ತಾನೇ ಹೇಳಿಕೊಂಡಳು.

*

ಭಾನುವಾರ ಊಟದ ಹೊತ್ತಿಗೆ ದೊಡ್ಡಪ್ಪ ಯೋಬೆ ಬಂದ. ಕೋಟು ಹಾಕಿಕೊಂಡಿದ್ದ, ಆ ಬಿಸಿಲಲ್ಲೂ. ಹಿತ್ತಲ ಬೆಂಚಿನ ಮೇಲೆ ಕೂತು ಕೋಳಿಯ ಕಾಲನ್ನು ನಿಧಾನವಾಗಿ ಬಿಡಿಸುತ್ತಿದ್ದ. ಅದೇ ಹೊತ್ತಿಗೆ ಬ್ರಿಟಾ ಹೊರಟು ನಿಂತಳು. ಲಾಬನಜ್ಜ ಅವಳ ಪೆಟ್ಟಿಗೆಗಳನ್ನು ಜೀಪಿಗೆ ಏರಿಸುತ್ತಿದ್ದ. ಅವನೇ ವಿಮಾನದ ತನಕ ಬಿಟ್ಟು ಬರಬೇಕು, ಸಂಜೆಯಾಗುತ್ತದೆ.

ಬ್ರಿಟಾ ಫಲೇಸಿಯ ಎರಡೂ ಕೈ ಹಿಡಿದಳು. ಫಲೇಸಿಗೆ ಶಾಲೆಯ ಇಂಗ್ಲಿಷು ಇತ್ತು, ಅಷ್ಟು ಸಾಕಾಯಿತು.

“ನನಗೂ ಮೊದಲ ಸಫಾರಿ, ನಿನಗೂ ಮೊದಲನೇದು,” ಎಂದಳು ಬ್ರಿಟಾ. “ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಬಂದೂಕಿನವನಿಗೆ ನೀನು ಯಾಕೆ ಮಾತಾಡಲಿಲ್ಲ?”

“ಯಾವಾಗಮ್ಮ?”

“ಕರಿಮರದ ಹತ್ತಿರ. ನಾನು ದುರ್ಬೀನಿನಲ್ಲಿ ಹಿಂದಕ್ಕೆ ನೋಡಿದೆ. ನಿನ್ನ ಬೆನ್ನ ಹಿಂದೆ ನಿಂತಿದ್ದ. ಟೋಪಿ ತೆಗೆದು ಎದೆಗೆ ಹಿಡ್ಕೊಂಡಿದ್ದ, ಚರ್ಚಿನಲ್ಲಿ ಹಿಡ್ಕೋತಾರಲ್ಲ ಹಾಗೆ. ಏನೋ ಹೇಳಿದ. ಬಹಳ ಹೊತ್ತು ಕಾದ. ನೀನು ತಿರುಗಲೇ ಇಲ್ಲ. ಪಾಪ, ಅವನ ಮುಖ ನೋಡಬೇಕಿತ್ತು ನೀನು.”

ಜೀಪು ಹೋಯಿತು. ಧೂಳು ಇಳಿಯಿತು. ಫಲೇಸಿ ಅಲ್ಲೇ ನಿಂತಿದ್ದಳು. ಅವಳು ಕೇಳಿದ್ದನ್ನು ಅವನು ಕೊಟ್ಟಿದ್ದ. ಹೆಸರು ಹಿಡಿದು, ಗೇಲಿ ಬಿಟ್ಟು. ಕುಂದಾ ಮುದುಕರ ಕತೆಗೆ ನಗುವವನು, ಹತ್ತು ಜನರ ಕಿವಿ ಇಲ್ಲದ ಜಾಗ ಸಿಕ್ಕಿತೆಂದು ಅಲ್ಲೇ ಬಾಯಿಬಿಟ್ಟಿದ್ದ. ಇವಳು ಅವನನ್ನು ದೆವ್ವ ಮಾಡಿ ಕಳಿಸಿದ್ದಳು.

ಗಂಟೆ ಒಂದೂವರೆ. ಕ್ಯಾಂಪಿನ ವೈರ್‌ಲೆಸ್ ರೇಡಿಯೋದಲ್ಲಿ ಹೇಳಿಸಬಹುದಿತ್ತು. ಆದರೆ ಕಣಿವೆಯ ಎಲ್ಲ ಠಾಣೆಗಳೂ ಕೇಳುವ ರೇಡಿಯೋದಲ್ಲಿ ಅಂಗೋನಿ ಹೆಣ್ಣೊಬ್ಬಳು ಬೆಂಬಾ ಗಂಡಿಗೆ ‘ಮದುವೆ ಆಗ್ತೀನಿ’ ಎಂದರೆ ಏನಾಗುತ್ತದೆ? ಹೊಳೆಯ ಈ ದಂಡೆಯಿಂದ ಆ ದಂಡೆಯವರೆಗೆ ಎಲ್ಲರೂ ನಗುತ್ತಾರೆ. ಅವನೂ ನಗುತ್ತಾನೆ, ಲಾರಿ ಹತ್ತುತ್ತಾನೆ.

ಅವಳು ಸೊಂಟದ ಬಟ್ಟೆ ಬಿಗಿಮಾಡಿದಳು.

“ಎಲ್ಲಿಗೆ?” ಎಂದ ದೊಡ್ಡಪ್ಪ.

“ಠಾಣೆಗೆ.”

“ಯಾರಿದಾರೆ ಅಲ್ಲಿ?”

“ನಾನು ಮದುವೆ ಆಗೋನು.”

ಯೋಬೆ ಮೂಳೆ ಕೆಳಗಿಟ್ಟ. “ಆ ಬೆಂಬಾನಾ? ಅವರು ಹಾಗೆ ಅನ್ನೋದಕ್ಕೇ ಹುಟ್ಟಿದೋರು. ನನಗೆ ನೂರು ಬೆಂಬಾ ಹೆಂಗಸರು ಗಂಡ ಅಂದಿದಾರೆ. ನೂರು ಸಂಸಾರ ಮಾಡಿದೀನಾ ನಾನು?”

“ಇವನು ಹೆಸರು ಹಿಡಿದು ಕರೆದ ದೊಡ್ಡಪ್ಪ.”

“ಹೆಸರು ಹಿಡಿದು ಸಾಲ ಕೇಳೋರೂ ಕರೀತಾರೆ. ಕೂತ್ಕೋ. ಗಿರಣಿಯವನಿಗೆ ನಾನು ಮಾತು ಕೊಟ್ಟಿದೀನಿ.”

“ಹಾಗಾದ್ರೆ ನೀನೇ ಅವನ ಸಂಸಾರ ಮಾಡು.”

“ಆ ಹಗ್ಗ ದಾಟಿದ್ರೆ,” ಎಂದ ಯೋಬೆ, ಕೂಗಲಿಲ್ಲ, ಕೂಗಿದ್ದರೆ ಅವಳೂ ಕೂಗಬಹುದಿತ್ತು, “ನಮ್ಮ ಮನೆ ಬಾಗಿಲಿಗೆ ಮತ್ತೆ ಬರಬೇಡ. ಹುಲಿಯೋ ಸಿಂಹವೋ ಎಳ್ಕೊಂಡು ಹೋದ್ರೂ ನಾನು ಅಳಲ್ಲ.”

“ಇಲ್ಲಿ ಹುಲಿ ಇಲ್ಲ ದೊಡ್ಡಪ್ಪ. ಅಷ್ಟೂ ಗೊತ್ತಿಲ್ಲ ನಿನಗೆ.”

ಒದ್ದೆ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಹಗ್ಗ ದಾಟಿದಳು.

*

ಠಾಣೆಗೆ ಒಂದೂವರೆ ಗಂಟೆಯ ದಾರಿ. ಬಂದೂಕಿಲ್ಲದೆ ಯಾರೂ ನಡೆಯದ ದಾರಿ. ಅವಳಿಗೆ ಗೊತ್ತಿತ್ತು. ಸಿಟ್ಟು ಇದ್ದಷ್ಟು ದೂರ ಏನೂ ಅನ್ನಿಸಲಿಲ್ಲ. ಅರ್ಧ ದಾರಿಯಲ್ಲಿ ಸಿಟ್ಟು ಮುಗಿಯಿತು.

ಬಿಸಿಲು ನೆತ್ತಿಯಲ್ಲೇ ನಿಂತಿತ್ತು. ಮರಗಳಿಗೆ ನೆರಳಿರಲಿಲ್ಲ. ತಾಮ್ರದ ಬಣ್ಣದ ಒಣ ಎಲೆ ದಾರಿಯುದ್ದಕ್ಕೂ ಬಿದ್ದಿತ್ತು. ಅವಳ ಒಂದೊಂದು ಹೆಜ್ಜೆಗೂ ಹಪ್ಪಳ ಮುರಿದಂತೆ ಸದ್ದು.

ಸ್ವಲ್ಪ ದೂರ ಹೋದ ಮೇಲೆ ಆ ಸದ್ದು ಎರಡಾಯಿತು.

ಅವಳು ನಿಂತಳು. ಅದೂ ನಿಂತಿತು. ಆದರೆ ಒಂದು ಹೆಜ್ಜೆ ತಡವಾಗಿ ನಿಂತಿತು.

ತಿರುಗಿ ನೋಡಿದಳು. ಬಂದ ದಾರಿ, ಬಿಸಿಲು, ನಡುಗುವ ಗಾಳಿ. ಯಾರೂ ಇಲ್ಲ. ಒಂದು ಎಲೆ ಮಾತ್ರ, ಯಾರೋ ಈಗಷ್ಟೇ ಕಾಲು ತೆಗೆದಂತೆ, ನಿಧಾನವಾಗಿ ಮಡಿಕೆ ಬಿಚ್ಚಿಕೊಳ್ಳುತ್ತಿತ್ತು.

ಓಡಬಾರದು. ಓಡಿದವರು ಊಟ. ನಡೆದಳು. ಅದೂ ನಡೆಯಿತು. ಬೇಗ ನಡೆದರೆ ಬೇಗ, ಮೆಲ್ಲಗೆ ನಡೆದರೆ ಮೆಲ್ಲಗೆ. ನಾಲ್ಕು ಕಾಲೋ ಎರಡು ಕಾಲೋ ಎಂದು ಕಿವಿಗೊಟ್ಟು ಎಣಿಸಲು ನೋಡಿದಳು. ಲೆಕ್ಕ ತಪ್ಪುತ್ತಿತ್ತು. ಒಮ್ಮೆ ನಾಲ್ಕು, ಒಮ್ಮೆ ಎರಡು.

ಬೆನ್ನಿನ ಮೇಲೆ ಬೆವರು ತಣ್ಣಗಾಯಿತು. ಇನ್ನು ಹೀಗೇ ಹೆದರುತ್ತ ಹೋದರೆ ಬಿದ್ದುಬಿಡುತ್ತೇನೆ ಎನ್ನಿಸಿದಾಗ ಬಾಯಿ ತಾನಾಗಿ ತೆರೆದುಕೊಂಡಿತು.

“ನೋಡು,” ಎಂದಳು ತಿರುಗದೆ. “ನೀನು ಯಾರೋ ನನಗೆ ಗೊತ್ತಿಲ್ಲ. ಪ್ರಾಣಿಯಾದ್ರೆ ನನ್ನಲ್ಲಿ ಮಾಂಸ ಕಡಿಮೆ, ದೊಡ್ಡಪ್ಪ ಅಲ್ಲೇ ಕೂತಿದಾನೆ, ಕೋಳಿ ತಿಂದು ಕೊಬ್ಬಿದಾನೆ, ಅವನ ಹತ್ರ ಹೋಗು. ಪ್ರಾಣಿ ಅಲ್ಲದಿದ್ರೆ ಕೇಳು. ಮೊನ್ನೆ ನಿನ್ನ ಭಯಕ್ಕೆ ಒಬ್ಬ ಒಳ್ಳೆಯವನಿಗೆ ಕೊಡೋ ಉತ್ತರ ನುಂಗಿದೆ. ಇವತ್ತು ನುಂಗಲ್ಲ. ಬರೋದಾದ್ರೆ ಬಾ, ಆದ್ರೆ ಹಿಂದೆ ಬಾ. ಮುಂದೆ ಬಂದ್ರೆ ಚೆನ್ನಾಗಿರಲ್ಲ.”

ಹಿಂದಿನ ಸದ್ದು ಮುಂದೆ ಬರಲಿಲ್ಲ. ಹೋಗಲೂ ಇಲ್ಲ. ಇಡೀ ದಾರಿ, ಅಷ್ಟೇ ದೂರದಲ್ಲಿ, ಜೊತೆಗೆ ಬಂತು.

ಮರಗಳು ಮುಗಿದು ಬಯಲು ಕಂಡಿತು. ಬಯಲ ತುದಿಯಲ್ಲಿ ಠಾಣೆ: ಒಂದು ಕೋಣೆ, ತಗಡಿನ ಮಾಡು. ಹೊರಗೆ ಟ್ರಂಕಿನ ಮೇಲೆ ಕೂತು ಕಪೆಂಬ್ವಾ ಬೂಟಿನ ದಾರ ಕಟ್ಟುತ್ತಿದ್ದ. ಬಂದೂಕು ಆಚೆ ಗೋಡೆಗೆ ಒರಗಿತ್ತು, ಅವನಿಂದ ಹತ್ತು ಹೆಜ್ಜೆ.

ತಲೆಯೆತ್ತಿದ. ಅವಳನ್ನು ಕಂಡ. ಅವನ ಮುಖದಲ್ಲಿ ಬೆಳಕು ಬಂದದ್ದನ್ನು ಅವಳು ಅಷ್ಟು ದೂರದಿಂದಲೂ ನೋಡಿದಳು. ಆಮೇಲೆ ಅವನ ಕಣ್ಣು ಅವಳ ಭುಜವನ್ನು ದಾಟಿ ಹಿಂದಕ್ಕೆ ಹೋಯಿತು. ಬೆಳಕು ಹಾಗೇ ನಿಂತುಹೋಯಿತು.

ಅವನು ಬಹಳ ನಿಧಾನವಾಗಿ ಎದ್ದ.

“ಫಲೇಸಿ.”

ತೋಪಿನ ದನಿ. ಅದೇ.

“ಹೂಂ,” ಎಂದಳು.

“ಹಿಂದೆ ತಿರುಗಬೇಡ. ನನ್ನ ಮುಖ ನೋಡ್ತಾ ನಡ್ಕೊಂಡು ಬಾ. ಓಡಬೇಡ.”

ಹತ್ತು ಹೆಜ್ಜೆ ಬಂದಳು. ಹಿಂದೆಯೂ ಹತ್ತು ಹೆಜ್ಜೆ. ಅವನು ಅವಳಿಂದ ಕಣ್ಣು ತೆಗೆಯದೆ ಗೋಡೆಯ ಕಡೆಗೆ ಅಡ್ಡಡ್ಡ ಸರಿಯುತ್ತಿದ್ದ.

ಫಲೇಸಿ ನಿಂತುಬಿಟ್ಟಳು.

“ನಡ್ಕೊಂಡು ಬಾ ಅಂದೆನಲ್ಲ.”

“ಮೊನ್ನೆ ಕರೆದದ್ದು ನೀನಾ?”

“ನಾನೇ. ನಡಿ.”

“ನಾನು ನಿನ್ನ ದೆವ್ವ ಅಂದ್ಕೊಂಡೆ. ಅದಕ್ಕೇ ಓಗೊಡಲಿಲ್ಲ. ಊಹೂಂ ಅನ್ನಲಿಲ್ಲ ನಾನು, ತಿಳೀತಾ?”

“ತಿಳೀತು. ದೇವರಾಣೆ ತಿಳೀತು. ನಡಿ ಫಲೇಸಿ.”

“ಇನ್ನೊಂದ್ಸಲ ಕೇಳು.”

“ಈಗಾ?” ಅವಳ ಹಿಂದೆ ಏನನ್ನೋ ನೋಡುತ್ತಿದ್ದ ಕಣ್ಣು ಒಂದು ಸಲ ಮುಚ್ಚಿ ತೆರೆಯಿತು.

“ಈಗಲೇ. ಗೇಲಿ ಬಿಟ್ಟು. ಅಲ್ಲೀವರೆಗೆ ಹೆಜ್ಜೆ ಕಿತ್ತಿಡಲ್ಲ.”

ಬಿಸಿ ಉಸಿರೊಂದು ಅವಳ ಹಿಮ್ಮಡಿಗೆ ತಾಕಿತೋ, ಗಾಳಿಯೋ. ಕಪೆಂಬ್ವಾ ಟೋಪಿ ತೆಗೆದ. ಹುಬ್ಬು ಎರಡೂ ನೆಟ್ಟಗಿದ್ದವು.

“ಫಲೇಸಿ ಜೆರೆ,” ಎಂದ, ಮನೆತನದ ಹೆಸರೂ ಸೇರಿಸಿ, ಒಂದೊಂದೇ ಮಾತು ಇಡುತ್ತ, ಅವಳ ಕಾಲಡಿಗೆ ಹಲಗೆ ಹಾಸುವವನಂತೆ. “ಎರಡು ವರ್ಷದಿಂದ ಹೇಳಿದ್ದೆಲ್ಲ ನಿಜವೇ. ಗೇಲಿ ಅಂತ ಹೇಳಿದ್ರೆ ನೀನು ಕೇಳ್ತಿದ್ದೆ, ಅದಕ್ಕೆ ಗೇಲಿ ಮಾಡ್ದೆ. ನನ್ನ ಮದುವೆ ಆಗು.”

“ಆಗ್ತೀನಿ,” ಎಂದಳು, ನಡೆದಳು.

ಉಳಿದ ದೂರ ಎಷ್ಟಿತ್ತೋ ಅವಳಿಗೆ ನೆನಪಿಲ್ಲ. ಅವನ ಮುಖ ದೊಡ್ಡದಾಗುತ್ತ ಬಂದದ್ದು ನೆನಪಿದೆ. ಹತ್ತಿರ ಬಂದವಳನ್ನು ಒಂದು ಕೈಯಲ್ಲಿ ಸೆಳೆದು ಬಾಗಿಲೊಳಗೆ ತಳ್ಳಿದ, ಇನ್ನೊಂದು ಕೈಯಲ್ಲಿ ಬಂದೂಕು ಹಿಡಿದು ಒಳಗೆ ಬಂದು ಅಗುಳಿ ಹಾಕಿದ. ಕತ್ತಲಲ್ಲಿ ಇಬ್ಬರ ಉಸಿರೂ ಒಂದೇ ಕಡೆ ಬಡಿಯುತ್ತಿತ್ತು. ಅವನ ಅಂಗಿಯಿಂದ ಬಿಸಿಲಿನ, ಬಂದೂಕಿನ ಎಣ್ಣೆಯ ವಾಸನೆ. ಅವಳು ಎಷ್ಟೋ ಸಲ ಒಗೆದ ಅಂಗಿ. ವಾಸನೆ ಹೋಗಿರಲಿಲ್ಲ, ಅವಳೇ ಪೂರ್ತಿ ಹೋಗಲು ಬಿಟ್ಟಿರಲಿಲ್ಲ.

“ಹಿಂದೆ ಏನಿತ್ತು?” ಎಂದಳು, ಎದೆಗೆ ಮುಖವಿಟ್ಟೇ.

“ನಿಮ್ಮ ದೊಡ್ಡಪ್ಪ.”

ನಗು ಬಂದುಬಿಟ್ಟಿತು. ಬಿಕ್ಕಿ ಬಿಕ್ಕಿ ನಕ್ಕಳು, ನಗುತ್ತ ಅವನ ಬೆನ್ನಿಗೆ ಗುದ್ದಿದಳು. ಅವನೂ ನಕ್ಕ. ಆದರೆ ಅವಳ ಬೆನ್ನ ಮೇಲಿದ್ದ ಅವನ ಕೈ ಅಕ್ಟೋಬರಿನ ಆ ಸೆಕೆಯಲ್ಲಿ ಮಂಜಿನಂತಿತ್ತು.

ಬಹಳ ಹೊತ್ತಿನ ಮೇಲೆ ಬಾಗಿಲು ತೆಗೆದ. ಅವಳನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಬಂದೂಕು ಹಿಡಿದು, ಅವಳು ನಿಂತು ಹಟ ಮಾಡಿದ್ದ ಜಾಗಕ್ಕೆ ಹೋದ. ಬಗ್ಗಿ ನೆಲ ನೋಡಿದ. ಹೆಜ್ಜೆ ಓದುವುದರಲ್ಲಿ ಆ ಕಣಿವೆಯಲ್ಲಿ ಅವನಂಥವನಿರಲಿಲ್ಲ. ಒಂದು ಕಡೆ ನೋಡಿದ, ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿದ, ನಾಲ್ಕು ಕಾಲೋ ಎರಡು ಕಾಲೋ ಲೆಕ್ಕ ಸಿಗದವನಂತೆ ಮತ್ತೆ ಬಂದು ಅದನ್ನೇ ನೋಡಿದ. ಆಮೇಲೆ ಬೂಟಿನಿಂದ ಮಣ್ಣು ಎಳೆದು, ಗುಡಿಸಿದ ಹಾಗೆ, ಎಲ್ಲವನ್ನೂ ಅಳಿಸಿದ.

“ಏನದು?” ಎಂದು ಕೂಗಿದಳು ಫಲೇಸಿ.

“ಏನಿಲ್ಲ. ಟ್ರಂಕು ಹಿಡ್ಕೋ, ಲಾರಿ ಬಂತು.”

ಲಾರಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಕೂತರು. ಡ್ರೈವರ್ ಇವಳನ್ನು ನೋಡಿ, “ಇದೇನಪ್ಪ, ಬೆಂಬಾ ಲಗೇಜಿನಲ್ಲಿ ಅಂಗೋನಿ?” ಎಂದ. “ಹೆಂಡತಿ,” ಎಂದ ಕಪೆಂಬ್ವಾ. ಡ್ರೈವರ್ ನಕ್ಕು ಗೇರು ಹಾಕಿದ. ನಗಲಿ ಬಿಡು ಎಂದುಕೊಂಡಳು ಫಲೇಸಿ.

ಬಯಲು ಹಿಂದಾಯಿತು. ದಾರಿ ಮುಚಿಂಗಾ ಬೆಟ್ಟದ ಕಡೆ ಏರತೊಡಗಿತು. ಅವನ ಕೈ ಅವಳ ಕೈಯಲ್ಲಿತ್ತು, ಬೆಚ್ಚಗಾಗುತ್ತಿತ್ತು. ಆದರೆ ಅವನು ಮುಂದೆ ನೋಡುತ್ತಿರಲಿಲ್ಲ. ಲಾರಿಯ ಹಿಂದಿನ ಹಲಗೆಗೆ ಗಲ್ಲವಿಟ್ಟು, ಬಂದ ದಾರಿಯನ್ನೇ, ಧೂಳಿನೊಳಗೆ ಧೂಳಿಗಿಂತ ಬೇರೆ ಏನಾದರೂ ಇದೆಯೇ ಎಂಬಂತೆ ನೋಡುತ್ತಿದ್ದ.

ಎರಡನೇ ತಿರುವಿನಲ್ಲಿ ಫಲೇಸಿಗೆ ತಡೆಯಲಾಗಲಿಲ್ಲ. ಎರಡೂ ಅಂಗೈಯಲ್ಲಿ ಅವನ ಮುಖ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಇಲ್ಲಿ ನೋಡು,” ಎಂದಳು. “ನಾನಿರೋದು ಇಲ್ಲಿ.”

ಅವನು ನೋಡಿದ. ಬೆಟ್ಟ ಹತ್ತಿ ಮುಗಿಯುವವರೆಗೆ ಅವಳು ಕೈ ಬಿಡಲಿಲ್ಲ.

ಕೆಳಗೆ ಕ್ಯಾಂಪಿನ ಹಿತ್ತಲಲ್ಲಿ ಯೋಬೆ ಕತ್ತಲಾಗುವ ತನಕ ಬೆಂಚಿನ ಮೇಲೆ ಕೂತಿದ್ದ. ಹಗ್ಗದ ಮೇಲಿನ ಬಟ್ಟೆ ಒಣಗಿತು, ಯಾರೋ ತೆಗೆದು ಮಡಿಸಿದರು. ಫಲೇಸಿ ಆ ಕಣಿವೆಗೆ ಮತ್ತೆ ಬರಲಿಲ್ಲ.